170 ವೋಲ್ಟಿನ ಊರಿಗೊಂದು ಎಸ್‌ಎಂಪಿಎಸ್

ಮಲ್ಟಿಮೀಟರಿನ ಕೆಂಪು ಕಡ್ಡಿ ಸಾಕೆಟ್ಟಿನ ಒಂದು ತೂತಿಗೆ, ಕಪ್ಪು ಕಡ್ಡಿ ಇನ್ನೊಂದಕ್ಕೆ. ಪರದೆಯಲ್ಲಿ 171 ಮೂಡುತ್ತದೆ. ನೋಡುತ್ತಿದ್ದಂತೆ 174, ಮತ್ತೆ 168. ಮೇ ತಿಂಗಳ ಸಂಜೆ ಏಳೂವರೆ. ಶೃಂಗೇರಿಯಿಂದ ಕಿಗ್ಗಾ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ಇಳಿದರೆ ಸಿಗುವ ಮನೆಯೊಂದರ ಮಾಳಿಗೆಯಲ್ಲಿ ನೀವು ನಿಂತಿದ್ದೀರಿ. ತಲೆಯ ಮೇಲೆ ಫ್ಯಾನು ತಿರುಗುತ್ತಿದೆ, ಬೇಕಾದರೆ ರೆಕ್ಕೆ ಎಣಿಸಬಹುದು. ದೀಪ ಮಾತ್ರ ಬೆಳ್ಳಗೆ ಉರಿಯುತ್ತಿದೆ. ಹಿಂದೆ ಗುಂಡು ಬಲ್ಬು ಕೆಂಪಗಾಗಿ, ವೋಲ್ಟೇಜು ಬಿದ್ದಿದೆ ಎಂದು ಮನೆಗೆಲ್ಲ ಸಾರುತ್ತಿತ್ತು. ಎಲ್‌ಇಡಿ ಬಂದ ಮೇಲೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಫ್ರಿಜ್ಜು ನರಳಿದಾಗಲೋ ಮಿಕ್ಸಿ ಎಳೆಯದೆ ನಿಂತಾಗಲೋ ನೆನಪಾಗುತ್ತದೆ, ಅಷ್ಟೇ.

"ಕೆಳಗೆ ಪಂಪ್ ಹಾಕಿದಾರೆ ಮಾರಾಯ. ನಮ್ದೊಂದೇ ಅಲ್ಲ, ಈ ಲೈನಲ್ಲಿ ಇರೋವೆಲ್ಲ ಈ ಹೊತ್ತಿಗೇ ಶುರು," ಎನ್ನುತ್ತಾರೆ ಮೆಟ್ಟಿಲ ಬಾಯಲ್ಲಿ ನಿಂತ ಅಪ್ಪಯ್ಯ.

ಮಗ ತಲೆಯಾಡಿಸಿ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಿಂದ 168 ಎಂದು ಬರೆದುಕೊಳ್ಳುತ್ತಾನೆ. ನಿಯಮದ ಪ್ರಕಾರ ಮನೆಗೆ ಬರಬೇಕಾದದ್ದು 230. ನೂರಕ್ಕೆ ಆರರಷ್ಟು ಆಚೀಚೆ ಆದರೂ ಸೈ, ಅಂದರೆ ಸುಮಾರು 216ರಿಂದ 244. ಟ್ರಾನ್ಸ್‌ಫಾರ್ಮರ್ ಇರುವ ಟಿ.ಸಿ.ಯಿಂದ ಹೊರಟ ತಂತಿ ಗುಡ್ಡ ಹತ್ತಿ ಇಳಿದು, ಮರಗಳ ಸಂದಿಯಲ್ಲಿ ನುಸುಳಿ, ದಾರಿಯುದ್ದಕ್ಕೂ ಒಂದೊಂದು ಮೋಟರಿಗೆ ಪಾಲು ಕೊಟ್ಟು ಕೊನೆಯ ಮನೆಗೆ ಮುಟ್ಟುವಾಗ ಎಷ್ಟು ಉಳಿಯುತ್ತದೋ ಅಷ್ಟು. ಇದರಲ್ಲಿ ಯಾರದೂ ಮೋಸವಿಲ್ಲ. ಉದ್ದ ತಂತಿಯಲ್ಲಿ ಹೆಚ್ಚು ಆಂಪಿಯರ್ ಹರಿದಷ್ಟೂ ವೋಲ್ಟು ದಾರಿಯಲ್ಲೇ ಸೋರಿಹೋಗುತ್ತದೆ.

ಮೇಜಿನ ಮೇಲೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಂದ ಡಬ್ಬಗಳು. ರೈಜನ್ 5 7600 ಪ್ರೊಸೆಸರ್, ಅದಕ್ಕೆ ಒಪ್ಪುವ ಮದರ್‌ಬೋರ್ಡ್, ಎರಡು ರ್‍ಯಾಮ್ ಕಡ್ಡಿ, ಒಂದು ಎಸ್‌ಎಸ್‌ಡಿ, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್. ಮದುವೆ, ಉಪನಯನಗಳ ವಿಡಿಯೊ ಎಡಿಟ್ ಮಾಡಿಕೊಡುವ ಹುಡುಗ ಇವನು. ಲ್ಯಾಪ್‌ಟಾಪಿನಲ್ಲಿ ಕೆಲಸ ಸಾಗದೆ ಸ್ವಂತ ಅಸೆಂಬಲ್ ಸಿಸ್ಟಂ ಕಟ್ಟಲು ಹೊರಟಿದ್ದಾನೆ. ಎಲ್ಲ ಬಂದಿದೆ, ಇವಕ್ಕೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್ ಒಂದು ಬಾಕಿ. ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಾನೆ. ಹೆಚ್ಚಿನವರು ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಎಸ್‌ಎಂಪಿಎಸ್ ಕೊಳ್ಳುತ್ತಾರೆ. ಇವನ ಕೈಯಲ್ಲಿ ಮಾತ್ರ ಅದಕ್ಕೆಂದೇ ತೆಗೆದಿಟ್ಟ ದುಡ್ಡಿದೆ.

ವ್ಯಾಟಿನ ಲೆಕ್ಕ ಐದು ನಿಮಿಷದ್ದು. ಅಡಿಕೆ ಸೊಸೈಟಿಯ ಚೀಟಿಯ ಹಿಂಬದಿ ಸಾಕು. ಪ್ರೊಸೆಸರ್ ಡಬ್ಬದ ಮೇಲೆ 65 ವ್ಯಾಟ್ ಎಂದಿದ್ದರೂ ಜೋರಾಗಿ ದುಡಿಯುವಾಗ 88ರವರೆಗೆ ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ 115. ಮದರ್‌ಬೋರ್ಡಿಗೆ ಒಂದು 40. ರ್‍ಯಾಮ್, ಎಸ್‌ಎಸ್‌ಡಿ, ಮೂರು ಫ್ಯಾನು, ಹಳೆಯ ದೊಡ್ಡ ಹಾರ್ಡ್ ಡಿಸ್ಕು, ಎಲ್ಲ ಸೇರಿ ಇನ್ನೊಂದು 40 ಹಿಡಿಯಿರಿ. ಕೂಡಿದರೆ 283. ಕಾರ್ಡಿನ ಕಂಪನಿ ಮಾತ್ರ 550 ವ್ಯಾಟಿನದು ಇರಲಿ ಎನ್ನುತ್ತದೆ. ನಿಮ್ಮ ಡಬ್ಬದೊಳಗೆ ಇನ್ನೇನಿದೆ, ನೀವು ಎಂಥ ಎಸ್‌ಎಂಪಿಎಸ್ ಕೊಂಡಿದ್ದೀರಿ ಎಂಬುದು ಅವರಿಗೆ ಗೊತ್ತಿಲ್ಲವಲ್ಲ, ಅದಕ್ಕೆ ಅಷ್ಟು ಧಾರಾಳ. ಕಾರ್ಡು ಮಿಲಿಸೆಕೆಂಡಿನ ಲೆಕ್ಕದಲ್ಲಿ ತನ್ನ ಪಾಲಿಗಿಂತ ಹೆಚ್ಚು ಎಳೆಯುವುದೂ ಉಂಟು.

"450 ಸಾಕಲ್ವಾ ಹಾಗಾದ್ರೆ?" ಎಂದು ನೀವು ಕೇಳುತ್ತೀರಿ. ಅವನು ಬಾಯಿ ತೆರೆಯುವಷ್ಟರಲ್ಲಿ ಪಶ್ಚಿಮದ ಗುಡ್ಡದ ಹಿಂದಿನಿಂದ ಗುಡುಗು. ಕೆಳಗಿನಿಂದ ಅಮ್ಮನ ದನಿ: "ಪ್ಲಗ್ಗೆಲ್ಲ ಕಿತ್ತಾಕೋ! ಸಿಡ್ಲು ಬರ್ತಿದೆ!" ಮನೆಯಲ್ಲಿ ಓಡಾಟ. ಟಿವಿ, ಇಂಟರ್ನೆಟ್ಟಿನ ಡಬ್ಬ, ಫ್ರಿಜ್ಜು, ಒಂದೊಂದರ ಪ್ಲಗ್ಗೂ ಗೋಡೆಯಿಂದ ಹೊರಗೆ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು ಎಂಬುದು ಮಲೆನಾಡಿನಲ್ಲಿ ಮಕ್ಕಳಿಗೂ ಗೊತ್ತು. ಸ್ವಿಚ್ಚಿನೊಳಗಿನ ಎರಡು ಮಿಲಿಮೀಟರು ಸಂದು ಸಿಡಿಲಿಗೆ ಯಾವ ಲೆಕ್ಕ? ಎಸ್‌ಎಂಪಿಎಸ್‌ನ ಒಳಗೆ ಎಂಒವಿ ಎಂಬ ಬಿಲ್ಲೆಯಂಥ ಬಿಡಿಭಾಗವೊಂದಿರುತ್ತದೆ. ಸಣ್ಣಪುಟ್ಟ ಏರಿಕೆಯನ್ನು ಅದು ನುಂಗಿಕೊಳ್ಳುತ್ತದೆ. ಅಗ್ಗದವುಗಳಲ್ಲಿ ಅದನ್ನು ಹಾಕಬೇಕಾದ ಜಾಗದಲ್ಲಿ ಎರಡು ತೂತು ಮಾತ್ರ. ಇದ್ದರೂ ಹತ್ತಿರದ ಕಂಬಕ್ಕೇ ಬಡಿದ ಸಿಡಿಲಿಗೆ ಅದು ಉತ್ತರವಲ್ಲ. ಅಮ್ಮನ ಕೂಗೇ ಉತ್ತರ.

ಏಳೂ ಮುಕ್ಕಾಲಿಗೆ ಕರೆಂಟು ಹೋಗುತ್ತದೆ.

ಬೆಳಿಗ್ಗೆ ಕೊಪ್ಪದ ಬಸ್ಸು. ಹರಿಹರಪುರದ ಹತ್ತಿರ ಕಿಟಕಿಯಾಚೆ ತುಂಗೆ, ಬೇಸಿಗೆಯ ಕೊನೆಯಾದ್ದರಿಂದ ಬಂಡೆಗಳೇ ಹೆಚ್ಚು. ನೌಕರರೇ ಸೇರಿ 1991ರಲ್ಲಿ ಕಟ್ಟಿ ನಡೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು. ಬಸ್ಸಿನಲ್ಲಿ ವಯಸ್ಸಾದವರ ಮಾತು ಈಗಲೂ ಅಲ್ಲಿಗೆ ಹೋಗಿ ನಿಲ್ಲುತ್ತದೆ.

ಕೊಪ್ಪದ ಅಂಗಡಿ. ಹೆಸರು ಕಂಪ್ಯೂಟರಿನದು, ವ್ಯಾಪಾರ ಸಿಸಿ ಕ್ಯಾಮೆರಾದ್ದು. ಕಾಫಿ ಕಣಕ್ಕೆ, ಅಡಿಕೆ ಅಂಗಳಕ್ಕೆ ಕ್ಯಾಮೆರಾ ಹಾಕಿಸುವವರೇ ಈಗ ಹೆಚ್ಚು. ಒಂದು ಮೂಲೆಯಲ್ಲಿ ಜೆರಾಕ್ಸ್ ಯಂತ್ರ ಪಹಣಿ ಪ್ರತಿ ಉಗುಳುತ್ತಿದೆ. ಅಂಗಡಿಯವರು ಮೂರು ಎಸ್‌ಎಂಪಿಎಸ್ ತಂದು ಗಾಜಿನ ಮೇಲೆ ಇಡುತ್ತಾರೆ.

"ಕೈಯಲ್ಲಿ ಹಿಡ್ದು ನೋಡಿ," ಎನ್ನುತ್ತಾರೆ.

ಮೊದಲನೆಯದು ಹಗುರ. ಡಬ್ಬವಿಲ್ಲ, ಗುಳ್ಳೆ ಕವರಿನಲ್ಲಿ ಸುತ್ತಿದೆ. ಮೇಲೆ ದಪ್ಪ ಅಕ್ಷರದಲ್ಲಿ 450 ವ್ಯಾಟ್. ಆರೇಳುನೂರು ರೂಪಾಯಿಗೆ ಸಿಗುವ ಮಾಲು. ನೀವು ಬಗ್ಗಿ ಬದಿಯ ಚೀಟಿ ಓದಿ: 12 ವೋಲ್ಟಿನ ಸಾಲಿನ ಕೆಳಗೆ 14 ಆಂಪಿಯರ್. ಗುಣಿಸಿದರೆ 168 ವ್ಯಾಟ್. ಈ ಹುಡುಗನ ಪ್ರೊಸೆಸರ್, ಕಾರ್ಡುಗಳೆರಡೂ ತಿನ್ನುವುದು ಈ 12 ವೋಲ್ಟಿನಿಂದಲೇ. ಅವೆರಡಕ್ಕೇ 203 ಬೇಕು. ಹಾಗಾದರೆ 450 ಎಲ್ಲಿಂದ ಬಂತು? 5 ವೋಲ್ಟಿನದು, 3.3 ವೋಲ್ಟಿನದು, ಎಲ್ಲದರ ಪರಮಾವಧಿ ಕೂಡಿಸಿ, ಕೊನೆಗೆ ಒಂದಿಷ್ಟು ಧೈರ್ಯವನ್ನೂ ಸೇರಿಸಿದ್ದಾರೆ. ಪ್ರೊಸೆಸರುಗಳು 5 ವೋಲ್ಟಿನ ಸಾಲಿನಿಂದ ಬದುಕುತ್ತಿದ್ದ ಕಾಲವೊಂದಿತ್ತು. 2000ರಲ್ಲಿ ಪೆಂಟಿಯಂ 4 ಬಂದಾಗ ಅದಕ್ಕೆಂದೇ ನಾಲ್ಕು ಪಿನ್ನಿನ 12 ವೋಲ್ಟ್ ಕನೆಕ್ಟರ್ ಬಂತು. ಅಲ್ಲಿಂದ ಭಾರವೆಲ್ಲ 12ರ ಮೇಲೆ. ಅಗ್ಗದ ಎಸ್‌ಎಂಪಿಎಸ್ ಇನ್ನೂ ಆ ಹಳೆಯ ಕಾಲದಲ್ಲೇ ಇದೆ. ಬಿಲ್ಲಿಂಗ್ ಕೌಂಟರಿನ ಕಂಪ್ಯೂಟರಿಗೆ ಅದು ಧಾರಾಳ ಸಾಕು, ಅದನ್ನೂ ಹೇಳಬೇಕು.

ಎರಡನೆಯದಕ್ಕೆ ಡಬ್ಬವಿದೆ, ಹೆಸರಿದೆ, ತೂಕವಿದೆ. 550 ವ್ಯಾಟ್, 12 ವೋಲ್ಟಿನ ಸಾಲಿಗೇ 45 ಆಂಪಿಯರ್, ಅಂದರೆ 540. 80 ಪ್ಲಸ್ ಬ್ರಾಂಜ್ ಮುದ್ರೆ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಭಾಗ ಕಂಪ್ಯೂಟರಿಗೆ ಮುಟ್ಟುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಎಂಬುದರ ಗುರುತು ಅದು. 2004ರಿಂದ ನಡೆದು ಬಂದ ಪದ್ಧತಿ. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಭಾರ ಹೊತ್ತಾಗ ಬ್ರಾಂಜಿಗೆ ನೂರಕ್ಕೆ 85, ಗೋಲ್ಡಿಗೆ 90 ಬರಬೇಕು. ದಿನಕ್ಕೆ ಐದಾರು ಗಂಟೆ ಓಡುವ ಯಂತ್ರದಲ್ಲಿ ಆ ಐದರ ವ್ಯತ್ಯಾಸ ಕರೆಂಟು ಬಿಲ್ಲಿನಲ್ಲಿ ಕಾಣುವುದೇ ಕಷ್ಟ. ಗೋಲ್ಡಿಗೆಂದು ತೆಗೆದಿಟ್ಟ ದುಡ್ಡನ್ನು ಈ ಊರಿನಲ್ಲಿ ಬೇರೆ ಕಡೆ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಎಲ್ಲಿ ಎಂಬುದು ಮುಂದೆ ಬರುತ್ತದೆ.

ಹುಡುಗ ಎರಡನೆಯದನ್ನು ಮಗುಚಿ ಹಾಕುತ್ತಾನೆ. ಚೀಟಿಯ ಮೇಲಿನ ಸಾಲು: ಇನ್‌ಪುಟ್ 200ರಿಂದ 240 ವೋಲ್ಟ್.

"ಇದು ಬ್ಯಾಡ ಅಣ್ಣ."

"ಎಂತಕ್ಕೆ? ಒಳ್ಳೆ ಮಾಲು. ಕೊಪ್ಪದಲ್ಲೇ ಸುಮಾರು ಜನಕ್ಕೆ ಕೊಟ್ಟಿದ್ದೀನಿ."

"ಕೊಪ್ಪ ಪೇಟೇಲಿ ಎಷ್ಟು ಬರುತ್ತೆ ಈಗ?"

ಅಂಗಡಿಯವರು ಸ್ಟೆಬಿಲೈಸರಿನ ಕೆಂಪು ಅಂಕೆ ನೋಡುತ್ತಾರೆ. 226. "ನಿಮ್ಮಲ್ಲಿ?"

"ನಿನ್ನೆ ಸಂಜೆ 168."

ಅಂಗಡಿಯವರು ಮಾತಾಡದೆ ಮೂರನೆಯದನ್ನು ಮುಂದೆ ತಳ್ಳುತ್ತಾರೆ. ಅದೂ 550, ಅದೂ ಬ್ರಾಂಜ್. ಬೆಲೆ ಮಾತ್ರ ಸಾವಿರದ ಆಚೀಚೆ ಹೆಚ್ಚು. ಚೀಟಿಯ ಮೇಲೆ 100ರಿಂದ 240 ವೋಲ್ಟ್, ಆ್ಯಕ್ಟಿವ್ ಪಿಎಫ್‌ಸಿ.

ಒಳಗೆ ನಡೆಯುವುದನ್ನು ಇಲ್ಲೇ, ಈ ಗಾಜಿನ ಮೇಜಿನ ಮುಂದೆಯೇ ತಿಳಿದುಕೊಳ್ಳಿ. ಎಸ್‌ಎಂಪಿಎಸ್ ಗೋಡೆಯಿಂದ ಬಂದ ಎಸಿಯನ್ನು ಮೊದಲು ಡಿಸಿ ಮಾಡಿ ದೊಡ್ಡದೊಂದು ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ಅದು ಮನೆಯ ಮೇಲಿನ ನೀರಿನ ಟ್ಯಾಂಕಿದ್ದಂತೆ; ಕೆಳಗಿನ ನಲ್ಲಿಗಳಿಗೆಲ್ಲ ಅಲ್ಲಿಂದಲೇ. ಆ್ಯಕ್ಟಿವ್ ಪಿಎಫ್‌ಸಿ ಇಲ್ಲದ್ದರಲ್ಲಿ 230 ಬಂದರೆ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ, 170 ಬಂದರೆ 240. ಶಕ್ತಿ ವೋಲ್ಟಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಕೂಡಿಟ್ಟದ್ದು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಪಿಎಫ್‌ಸಿ ಇದ್ದದ್ದು ಹಾಗಲ್ಲ. ಗೋಡೆಯಲ್ಲಿ 230 ಇರಲಿ 150 ಇರಲಿ, ಅದನ್ನು ಎತ್ತಿ ಎತ್ತಿ 380ರ ಆಸುಪಾಸಿಗೆ ತಂದು ತುಂಬುತ್ತದೆ. ವೋಲ್ಟು ಕಡಿಮೆಯಾದರೆ ಆಂಪಿಯರ್ ಹೆಚ್ಚು ಎಳೆದುಕೊಳ್ಳುತ್ತದೆ, ಅಷ್ಟೇ. ಗೋಡೆಯಿಂದ 300 ವ್ಯಾಟ್ ಎಳೆಯುವಾಗ 230ರಲ್ಲಿ 1.3 ಆಂಪಿಯರ್ ಆದರೆ 170ರಲ್ಲಿ 1.7 ಚಿಲ್ಲರೆ.

ಎರಡನೆಯದರಲ್ಲೂ ಪಿಎಫ್‌ಸಿ ಇರಬಹುದು. ಆದರೆ 200ರ ಕೆಳಗೆ ಬರುವ ಹೆಚ್ಚು ಆಂಪಿಯರಿಗೆ ತಕ್ಕ ಬಿಡಿಭಾಗ ಹಾಕದೆ ಬೆಲೆ ಇಳಿಸಿರುತ್ತಾರೆ. ಒಂದೇ ಹೆಸರಿನ ಮಾಲು ಎರಡು ರೂಪದಲ್ಲಿ ಬರುವುದೂ ಉಂಟು, ಒಂದು 100ರಿಂದ, ಇನ್ನೊಂದು 200ರಿಂದ. ಡಬ್ಬದ ಮುಂಭಾಗ ನೋಡಿದರೆ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಹಾಕಿ ತೋರಿಸಿದಾಗ ಚೆನ್ನಾಗಿ ಓಡಿದ ಕಂಪ್ಯೂಟರು ಮನೆಗೆ ಒಯ್ದ ಮೇಲೆ ಸಂಜೆ ಸಂಜೆ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ರಿಪೇರಿಗೆ ತಂದರೆ ಅಂಗಡಿಯಲ್ಲಿ ಮತ್ತೆ ಚೆನ್ನಾಗಿ ಓಡುತ್ತದೆ. ರ್‍ಯಾಮ್ ಬದಲಾಯಿಸುತ್ತಾರೆ, ವಿಂಡೋಸ್ ಮತ್ತೆ ಹಾಕುತ್ತಾರೆ. ತಪ್ಪಿರುವುದು ಆ 200 ಎಂಬ ಅಂಕೆಯಲ್ಲಿ.

"ಅದ್ಸರಿ, 450ರದ್ದೇ ಈ ಥರದ್ದು ಬರಲ್ವಾ? ಇನ್ನೂ ಉಳೀತದೆ," ಎನ್ನುತ್ತಾರೆ ಅಂಗಡಿಯವರು. ನಿನ್ನೆ ಗುಡುಗಿನಲ್ಲಿ ಮುಳುಗಿಹೋದ ಪ್ರಶ್ನೆ. ಹುಡುಗನ ಉತ್ತರ ಕೇಳಬೇಕೆಂದರೆ ಅವನ ಮನೆಯ ಇನ್ವರ್ಟರಿನ ಹಿಂದೆ ಹೋಗಿ ನಿಲ್ಲಬೇಕು.

ಅಲ್ಲೊಂದು ಪುಟ್ಟ ಸ್ವಿಚ್ಚಿದೆ, ಧೂಳು ಕೂತು ಅಕ್ಷರ ಕಾಣುವುದಿಲ್ಲ. ಒಂದು ಬದಿ ಯುಪಿಎಸ್, ಇನ್ನೊಂದು ಬದಿ ಇಕೋ ಅಥವಾ ನಾರ್ಮಲ್. ಯುಪಿಎಸ್ ಬದಿಗೆ ತಳ್ಳಿದರೆ ಕರೆಂಟು ಹೋದ ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಬದಲಾಗುತ್ತದೆ, ಕಂಪ್ಯೂಟರಿಗೆ ಅದೇ ಬೇಕು. ಎಲ್ಲರೂ ಹೇಳುವುದೂ ಅದನ್ನೇ. ಆದರೆ ಆ ಬದಿಯಲ್ಲಿ ಸಾಮಾನ್ಯವಾಗಿ 180ರ ಕೆಳಗಿನ ಕರೆಂಟನ್ನು ಇನ್ವರ್ಟರು ಕರೆಂಟು ಎಂದೇ ಒಪ್ಪುವುದಿಲ್ಲ. ಇಲ್ಲಿ ಸಂಜೆಯಿಡೀ 170. ಅಂದರೆ ಲೈನಿನಲ್ಲಿ ಕರೆಂಟಿದ್ದೂ ಮನೆ ಬ್ಯಾಟರಿಯ ಮೇಲೆ ಓಡುತ್ತದೆ, ನಿಜವಾಗಿ ಹೋಗುವ ಹೊತ್ತಿಗೆ ಬ್ಯಾಟರಿ ಖಾಲಿ. ಆದ್ದರಿಂದ ಈ ಮನೆಯಲ್ಲಿ ಸ್ವಿಚ್ಚು ಇಕೋ ಬದಿಗೇ ಇರಬೇಕು. ಅಲ್ಲಿ 100ರ ಸುಮಾರಿನವರೆಗೂ ನಡೆಯುತ್ತದೆ. ಬದಲಾಗುವ ಹೊತ್ತು ಮಾತ್ರ ಹೆಚ್ಚು, ಕೆಲವದರಲ್ಲಿ 40 ಮಿಲಿಸೆಕೆಂಡಿನವರೆಗೆ. ಫ್ಯಾನು ದೀಪಗಳಿಗೆ ಅದು ತಿಳಿಯುವುದೇ ಇಲ್ಲ.

ಎಸ್‌ಎಂಪಿಎಸ್ ಗೋಡೆಯ ಕರೆಂಟಿಲ್ಲದೆ ಪೂರ್ತಿ ಭಾರ ಹೊತ್ತು ಸುಮಾರು 16-17 ಮಿಲಿಸೆಕೆಂಡು ನಿಂತರೆ ಸಾಕು ಎನ್ನುತ್ತಿತ್ತು ಎಟಿಎಕ್ಸ್‌ನ ಹಳೆಯ ನಿಯಮ. 50 ಹರ್ಟ್ಸಿನ ಒಂದು ಸುತ್ತು 20 ಮಿಲಿಸೆಕೆಂಡು, ಅದಕ್ಕಿಂತಲೂ ಕಡಿಮೆ. ಆದರೆ ಟ್ಯಾಂಕಿನ ನೀರು ಎಷ್ಟು ಹೊತ್ತಿಗೆ ಸಾಕಾಗುತ್ತದೆ ಎಂಬುದು ನಲ್ಲಿಗಳು ಎಷ್ಟು ತೆರೆದಿವೆ ಎಂಬುದರ ಮೇಲೂ ಇದೆ. 550ರದ್ದಕ್ಕೆ 280ರ ಭಾರ ಹಾಕಿದರೆ ಆ 17 ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎಡಿಟಿಂಗಿನ ನಡುವೆ ಸುಮ್ಮನೆ ಕೂತಿರುವಾಗಿನ ನೂರು ವ್ಯಾಟಿಗೆ ಇನ್ನೂ ಹೆಚ್ಚು. ಇನ್ವರ್ಟರಿನ ರಿಲೇ ಟಕ್ ಎನ್ನುವವರೆಗೆ ಬದುಕಿರಲು ಬೇಕಾದ ಸಮಯವನ್ನು ಅವನು ಆ ಹೆಚ್ಚಿನ ನೂರು ವ್ಯಾಟಿನಲ್ಲಿ ಕೊಂಡುಕೊಳ್ಳುತ್ತಿದ್ದಾನೆ. ಬೆಂಗಳೂರಿನಲ್ಲಿರುವವರು 450 ಸಾಕು ಎಂದರೆ ಸುಳ್ಳಲ್ಲ. ಅವರ ಮನೆಗೆ ಸಾಕು.

ಪುಟ್ಟ ಯುಪಿಎಸ್ ಡಬ್ಬವನ್ನೇ ಕೊಂಡರೆ? ಅಂಗಡಿಯಲ್ಲಿ ಸಾಲಾಗಿ ಇರುವ 600 ವಿಎ ಎಂದರೆ ನಿಜದಲ್ಲಿ 360 ವ್ಯಾಟು. ಕಂಪ್ಯೂಟರು ಪೂರ್ತಿ ದುಡಿಯುವಾಗ ಗೋಡೆಯಿಂದ 330ರಷ್ಟು ಎಳೆಯುತ್ತದೆ, ಮಾನಿಟರಿಗೆ 30. ಮುಗಿಯಿತು, ಗಡಿಯ ಮೇಲೇ ಬಂತು. ಅದರ ಬ್ಯಾಟರಿಯ ಕರೆಂಟು ಸರಿಯಾದ ಸೈನ್ ಅಲೆಯಲ್ಲ, ಮೆಟ್ಟಿಲು ಮೆಟ್ಟಿಲಾದದ್ದು. ಅದು ಬಂದಾಗ ಕೆಲವು ಪಿಎಫ್‌ಸಿ ಎಸ್‌ಎಂಪಿಎಸ್‌ಗಳು ಗೊಂದಲಗೊಂಡು ಆಫ್ ಆಗುತ್ತವೆ. ಮನೆಯ ಇನ್ವರ್ಟರು ಸೈನ್ ವೇವಿನದಾದರೆ ಅದನ್ನೇ ನೆಚ್ಚಿಕೊಳ್ಳುವುದು ಮೇಲು. ಹಳೆಯ ಸ್ಕ್ವೇರ್ ವೇವಿನದಾದರೆ ಕಂಪ್ಯೂಟರನ್ನು ಅದಕ್ಕೆ ಹಾಕಲೇ ಬೇಡಿ.

"ಬಿಲ್ ಬೇಕಲ್ವಾ?"

"ಬೇಕು. ಸೀರಿಯಲ್ ನಂಬರ್ ಹಾಕೇ ಕೊಡಿ. ಐದು ವರ್ಷದ ವಾರಂಟಿ ಉಂಟು."

ಸಂಜೆ ಮತ್ತೆ ಮಾಳಿಗೆ. ಎಸ್‌ಎಂಪಿಎಸ್ ಕ್ಯಾಬಿನೆಟ್ಟಿನ ಕೆಳಗಿನ ಗೂಡಿಗೆ, ಫ್ಯಾನಿನ ಮುಖ ನೆಲದ ಕಡೆಗೆ ಮಾಡಿ ಕೂತಿದೆ. ಜಾಲರಿಯ ಅಡಿಗೆ ಗಾಳಿಯಾಡಲೆಂದು ಎರಡು ಹಲಗೆ ತುಂಡು. ಜಾಲರಿಯ ಕಣ್ಣು ಸಣ್ಣದಿದೆಯೇ ಎಂದು ಅವನು ಟಾರ್ಚು ಬಿಟ್ಟು ನೋಡುತ್ತಾನೆ. ಮಳೆಗಾಲದಲ್ಲಿ ಬೆಚ್ಚನೆ ಜಾಗ ಹುಡುಕಿಕೊಂಡು ಇರುವೆ, ಹಲ್ಲಿ ಒಳಸೇರುತ್ತವೆ. ಹಲ್ಲಿಯೊಂದು 380 ವೋಲ್ಟಿಗೆ ಅಡ್ಡ ಮಲಗಿದರೆ ಅದೂ ಇಲ್ಲ, ಎಸ್‌ಎಂಪಿಎಸ್ಸೂ ಇಲ್ಲ. ಸ್ವಿಚ್ಚು ಹಾಕುತ್ತಾನೆ. ಫ್ಯಾನು ಒಮ್ಮೆ ಅಲುಗಿ ನಿಂತು, ಮತ್ತೆ ತಿರುಗುತ್ತದೆ. ಮೂರು ವೋಲ್ಟುಗಳೂ ನೆಟ್ಟಗಾಗುವವರೆಗೆ ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ 'ಏಳು' ಎಂದು ಹೇಳುವುದಿಲ್ಲ, ಆ ಅರೆಗಳಿಗೆ ಅದು. ಪರದೆ ಬೆಳಗುತ್ತದೆ. ಮೀಟರಿನಲ್ಲಿ 172.

ನೀವು ಖುಷಿಯಿಂದ ಕ್ಯಾಬಿನೆಟ್ಟಿನ ಮೇಲೆ ಕೈ ಇಡುತ್ತೀರಿ. ಜುಮ್ ಎನ್ನುತ್ತದೆ.

"ಚಪ್ಲಿ ಹಾಕ್ಕಳಿ," ಎನ್ನುತ್ತಾನೆ ಅವನು, ಟೆಸ್ಟರ್ ಹುಡುಕುತ್ತ. ಸ್ಕ್ರೂವಿನ ತಲೆಗೆ ಟೆಸ್ಟರ್ ಮುಟ್ಟಿಸಿದರೆ ಒಳಗೆ ಮಂದವಾದ ಕಿತ್ತಳೆ ಬೆಳಕು. ಎಸ್‌ಎಂಪಿಎಸ್ ಕೆಟ್ಟಿಲ್ಲ. ಅದರ ಒಳಗೆ ಫೇಸಿನಿಂದ ಒಂದು, ನ್ಯೂಟ್ರಲಿನಿಂದ ಒಂದು ಸಣ್ಣ ಕೆಪಾಸಿಟರು ಲೋಹದ ಮೈಗೆ ಬಂದು ಸೇರಿರುತ್ತದೆ, ಕಿರಿಕಿರಿಯ ಸಣ್ಣ ಅಲೆಗಳನ್ನು ಭೂಮಿಗೆ ಇಳಿಸಲು. ಭೂಮಿಗೆ ದಾರಿಯೇ ಇಲ್ಲದಿದ್ದರೆ ಮೈಯೆಲ್ಲ ಲೈನಿನ ಅರ್ಧ ವೋಲ್ಟಿಗೆ ಏರಿ ಕೂರುತ್ತದೆ. ಹರಿಯುವುದು ಮಿಲಿಆಂಪಿಯರಿಗಿಂತ ಕಡಿಮೆ, ಜುಮ್ಮೆನ್ನುವಷ್ಟು. ಸ್ವಿಚ್‌ಬೋರ್ಡ್ ಬಿಚ್ಚಿದರೆ ಮೂರನೆಯ ಪಿನ್ನಿನ ಹಸಿರು ವೈರು ಒಂದು ಗೇಣು ಬಂದು, ಯಾವುದಕ್ಕೂ ಸೇರದೆ ಸುರುಳಿ ಸುತ್ತಿಕೊಂಡು ಕೂತಿದೆ.

"ವೈರಿಂಗ್ ಮಾಡ್ದೋನು ಅದು ಬೇಕಿಲ್ಲ ಅಂದಿದ್ದ," ಎನ್ನುತ್ತಾರೆ ಅಪ್ಪಯ್ಯ.

ಮರುದಿನ ಬಚ್ಚಲ ಹಿಂದೆ, ಯಾವಾಗಲೂ ತೇವವಿರುವ ಕಡೆ ಅರ್ತಿಂಗಿಗೆ ಗುಂಡಿ. ಮೇ ತಿಂಗಳಲ್ಲಿ ಜಂಬಿಟ್ಟಿಗೆ ನೆಲ ಒಣಗಿ ಕಲ್ಲಾಗಿರುತ್ತದೆ. ಇದ್ದಿಲು, ಉಪ್ಪು ಹಾಕಿ ಪೈಪು ಇಳಿಸಿದರೂ ದಿನಾ ಒಂದು ಕೊಡ ನೀರು ಸುರಿಯಬೇಕು. ಗೋಲ್ಡಿನ ದುಡ್ಡು ಹೋದದ್ದು ಇಲ್ಲಿಗೆ. ಮಳೆ ಹಿಡಿದ ಮೇಲೆ ಈ ಚಿಂತೆ ತಾನಾಗಿ ಹೋಗುತ್ತದೆ, ಆಗಿನ ಚಿಂತೆ ಬೇರೆ. ಮರ ಬಿದ್ದು ಲೈನು ಕಡಿದರೆ ದಿನಗಟ್ಟಲೆ ಕತ್ತಲೆ. ಗುಡ್ಡದ ಮೇಲಿನ ಮನೆಯವರು ಹಳ್ಳಕ್ಕೆ ಪೈಪು ಹಾಕಿ ಒಂದು ಕಿಲೊವ್ಯಾಟಿನ ಪುಟ್ಟ ಟರ್ಬೈನು ಕೂರಿಸಿದ್ದಾರೆ. ಈಗ ಹಳ್ಳ ಬತ್ತಿ ಅದು ಸುಮ್ಮನಿದೆ, ಜುಲೈಯಲ್ಲಿ ಹಗಲು ರಾತ್ರಿ ಓಡುತ್ತದೆ. ಎಡಿಟಿಂಗ್ ಕೆಲಸ ತುರ್ತಾದರೆ ಹುಡುಗ ಸಿಪಿಯು ಹೊತ್ತುಕೊಂಡು ಅಲ್ಲಿಗೇ ಹತ್ತುವವನು. ಮಿಕ್ಸಿ ಹಾಕಿದರೆ ಟರ್ಬೈನಿನ ವೇಗ ಇಳಿದು ಹರ್ಟ್ಸ್ ಅಲುಗಾಡುತ್ತದೆ, ಫ್ಯಾನಿಗೆ ಅದು ಆಗುವುದಿಲ್ಲ. ಎಸ್‌ಎಂಪಿಎಸ್‌ಗೆ ಚಿಂತೆಯಿಲ್ಲ, ಬಂದದ್ದನ್ನೆಲ್ಲ ಮೊದಲು ಡಿಸಿ ಮಾಡುವ ಅದರ ಚೀಟಿಯಲ್ಲಿ 47ರಿಂದ 63 ಹರ್ಟ್ಸ್ ಎಂದೇ ಬರೆದಿರುತ್ತದೆ.

ಸುದ್ದಿ ಹಬ್ಬಿ ನರಸಿಂಹರಾಜಪುರದ ಅತ್ತೆ ಮನೆಯಿಂದ ಫೋನು. ಅಲ್ಲಿಯ ಹುಡುಗನೂ ಕಂಪ್ಯೂಟರು ಕಟ್ಟುತ್ತಿದ್ದಾನಂತೆ. ನಮ್ಮ ಹುಡುಗನ ಜೊತೆ ನೀವೂ ಹೊರಡುತ್ತೀರಿ. ಕೊಪ್ಪ ದಾಟಿ ಭದ್ರೆಯ ಹಿನ್ನೀರಿನ ಕಡೆ ಇಳಿದಂತೆ ಸೆಕೆ ಏರುತ್ತದೆ, ತೋಟಗಳ ನಡುವೆ ರಬ್ಬರು ಕಾಣಿಸುತ್ತದೆ. ಇಲ್ಲಿಯ ಕಾಯಿಲೆ ಉಲ್ಟಾ. ಮನೆಯ ಎದುರೇ ಟಿ.ಸಿ.; ರಾತ್ರಿ ಪಂಪೆಲ್ಲ ನಿಂತ ಮೇಲೆ ಮೀಟರು 250 ದಾಟುತ್ತದೆ. ಒಳ್ಳೆಯ ಎಸ್‌ಎಂಪಿಎಸ್ 264ರವರೆಗೆ ತಾಳಿಕೊಳ್ಳುತ್ತದೆ. ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ ಮಾತ್ರ ಒಂದೇ ಫೇಸಿನ ಮನೆಗೂ 400ರ ಹತ್ತಿರ ನುಗ್ಗಬಹುದು. ಆಗ ಬೀದಿಯ ಟಿವಿಗಳೆಲ್ಲ ಒಟ್ಟಿಗೆ ಹೋಗುವುದು. ಅದಕ್ಕೆ ಎಸ್‌ಎಂಪಿಎಸ್ ಮದ್ದಲ್ಲ, ಮೀಟರ್ ಬೋರ್ಡಿನ ಪಕ್ಕ ವೋಲ್ಟೇಜು ಹೆಚ್ಚಾದರೆ ಕಡಿಯುವ ಕಟ್‌ಆಫ್ ಹಾಕಿಸಬೇಕು. ಮಾವ ಎಲೆಕ್ಟ್ರಿಷಿಯನ್‌ಗೆ ಫೋನು ಮಾಡುತ್ತಾರೆ.

ಒಳಗೆ ಹುಡುಗ ನೆಲದ ಮೇಲೆ ಕೇಬಲ್ಲುಗಳನ್ನು ಹರಡಿಕೊಂಡಿದ್ದಾನೆ. ಹೊಸ ಎಸ್‌ಎಂಪಿಎಸ್ ಮಾಡ್ಯುಲರ್, ಬೇಕಾದ ಕೇಬಲ್ ಮಾತ್ರ ಸಿಕ್ಕಿಸಿಕೊಳ್ಳುವಂಥದ್ದು. ಪಕ್ಕದಲ್ಲಿ ಸುಟ್ಟುಹೋದ ಹಳೆಯದರ ಕೇಬಲ್ ಕಟ್ಟು.

"ಭಾವ, ಹಾರ್ಡ್ ಡಿಸ್ಕಿಗೆ ಹೊಸದ್ರದ್ದು ಎಟುಕ್ತಿಲ್ಲ. ಹಳೇದ್ರದ್ದು ಉದ್ದ ಇದೆ, ಸಿಕ್ಕಿಸಿದ್ರೆ ಸರಿಯಾಗಿ ಕೂರತ್ತೆ. ಅದೇ ಹಾಕ್ಲಾ?"

"ಕೂರತ್ತೆ. ಅದೇ ತೊಂದ್ರೆ."

ಹಾರ್ಡ್ ಡಿಸ್ಕಿನ ಬದಿಯ ತುದಿ ಎಲ್ಲರದ್ದೂ ಒಂದೇ. ಎಸ್‌ಎಂಪಿಎಸ್ ಬದಿಯ ತುದಿಗೆ ಮಾತ್ರ ಯಾವ ನಿಯಮವೂ ಇಲ್ಲ. ಯಾವ ಪಿನ್ನಿನಲ್ಲಿ 12, ಯಾವುದರಲ್ಲಿ 5 ಎಂಬುದು ಕಂಪನಿಗೊಂದು ಥರ, ಒಂದೇ ಕಂಪನಿಯ ಎರಡು ಮಾಡೆಲ್ಲಿಗೂ ಬೇರೆ ಇರಬಹುದು. 5ರ ಜಾಗಕ್ಕೆ 12 ಹೋದರೆ ಡಿಸ್ಕಿನಲ್ಲಿರುವ ಫೋಟೊ, ವಿಡಿಯೊ ಎಲ್ಲ ಸ್ವಿಚ್ಚು ಹಾಕಿದ ಮರುಕ್ಷಣಕ್ಕೇ ಹೋಗುತ್ತವೆ. ನಮ್ಮ ಹುಡುಗ ಹಳೆಯ ಕಟ್ಟನ್ನು ಎತ್ತಿ ಸುಟ್ಟ ಎಸ್‌ಎಂಪಿಎಸ್‌ನ ಡಬ್ಬದೊಳಗೆ ತುರುಕಿ, ಮೇಲೆ ಮಾರ್ಕರಿನಲ್ಲಿ ಇಂಟು ಗುರುತು ಹಾಕುತ್ತಾನೆ. ಹೊಸ ಕೇಬಲ್ಲಿಗೆ ಇನ್ನೂ ನಾಲ್ಕು ಬೆರಳು ಸಾಲದು. ಇಬ್ಬರೂ ಬಗ್ಗಿ ಹಾರ್ಡ್ ಡಿಸ್ಕನ್ನು ಬಿಚ್ಚಿ ಕೆಳಗಿನ ಗೂಡಿಗೆ ಇಳಿಸಿ, ಮತ್ತೆ ಸ್ಕ್ರೂ ಹಾಕತೊಡಗುತ್ತಾರೆ.